ಅಪ್ಪನ ಟಿವಿಎಸ್ 50, ಎರಡು ಕಾರ್ಬೊರೇಟರ್

ಹೋದ ವರ್ಷ ಮೇ ತಿಂಗಳ ಒಂದು ಭಾನುವಾರ, ಬೆಳಿಗ್ಗೆ ಏಳೂವರೆ. ರಾಯಚೂರಿನಿಂದ ದೇವದುರ್ಗಕ್ಕೆ ಹೋಗೋ ರಸ್ತೆ, ಗಬ್ಬೂರು ದಾಟಿ ಒಂದೆರಡು ಕಿಲೋಮೀಟರ್ ಆಗಿರಬಹುದು. ಮುಂದೆ ಅಪ್ಪ ತಮ್ಮ ಟಿವಿಎಸ್ 50 ಮೇಲೆ, ಹಿಂದೆ ನಾನು ತಂಗಿಯ ಸ್ಕೂಟಿ ಮೇಲೆ. ಹನ್ನೆರಡು ವರ್ಷ ಮನೆ ಹಿಂದಿನ ತಗಡಿನ ಶೆಡ್ಡಿನಲ್ಲಿ ಧೂಳು ತಿಂದ ಗಾಡಿ ಅದು. ನಾನೇ ಎರಡು ವಾರ ರಜೆ ಹಾಕಿ, ವಿಡಿಯೊ ನೋಡಿ ನೋಡಿ ಸರಿ ಮಾಡಿದ್ದೆ. ಕಲ್ಮಲಾ ದಾಟೋವರೆಗೂ ಅದು ಎಷ್ಟು ಚೆನ್ನಾಗಿ ಓಡ್ತು ಅಂದ್ರೆ, ಅಪ್ಪ ಒಂದು ಸಲ ಹಿಂದೆ ತಿರುಗಿ ಕೈ ಎತ್ತಿ ತೋರಿಸಿದರು. ಎಪ್ಪತ್ತೆರಡು ವಯಸ್ಸಿನ ರಿಟೈರ್ಡ್ ಮಾಸ್ತರು ಹಾಗೆ ಕೈ ಎತ್ತಿದ್ದನ್ನ ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ.

ಆಮೇಲೆ ಒಂದು ಕೀರಲು ಸದ್ದು. ಆಮೇಲೆ ಸದ್ದೇ ಇಲ್ಲ.

ಅಪ್ಪನಿಗೆ ಏನೂ ಆಗಲಿಲ್ಲ. ಈ ಗಾಡಿಯಲ್ಲಿರೋದು ಸೆಂಟ್ರಿಫ್ಯೂಗಲ್ ಕ್ಲಚ್. ಎಂಜಿನ್ ನಿಂತರೆ ಕ್ಲಚ್ ತಾನೇ ಬಿಟ್ಟುಕೊಳ್ಳುತ್ತೆ, ಚಕ್ರ ಉರುಳ್ತಾನೇ ಇರುತ್ತೆ. ಗೇರ್ ಬೈಕ್ ಆಗಿದ್ದರೆ ಹಿಂದಿನ ಚಕ್ರ ಅಲ್ಲೇ ಕಚ್ಚಿಕೊಂಡು ಅಪ್ಪ ಡಾಂಬರಿನ ಮೇಲೆ ಬೀಳ್ತಿದ್ದರು. ಅವರು ನಿಧಾನಕ್ಕೆ ರಸ್ತೆ ಪಕ್ಕ ಜಾಲಿ ಗಿಡದ ಕೆಳಗೆ ನಿಲ್ಲಿಸಿ ಒಂದೇ ಪ್ರಶ್ನೆ ಕೇಳಿದರು: "ಹಳೇ ಕಾರ್ಬೊರೇಟರ್ ಎಲ್ಲಿ ಇಟ್ಟೀದಿ?"

ಬಿಸಾಕಿರಲಿಲ್ಲ, ಅಷ್ಟು ಪುಣ್ಯ ಮಾಡಿದ್ದೆ. ಹಳೆಯದರ ತಳದ ಬಟ್ಟಲಿನಲ್ಲಿ ಪೆಟ್ರೋಲ್ ಒಣಗಿ ಹಸಿರು ಅಂಟು ಆಗಿತ್ತು, ಒಂದು ಸ್ಕ್ರೂ ತಲೆ ಸವೆದು ಬಿಚ್ಚೋಕೆ ಬರ್ತಿರಲಿಲ್ಲ. ಅದನ್ನ ಗುದ್ದಾಡೋ ಬದಲು ಆನ್‌ಲೈನ್‌ನಲ್ಲಿ ಹೊಸದೊಂದು ತರಿಸಿ ಕೂರಿಸಿದ್ದೆ. ಆರುನೂರು ಚಿಲ್ಲರೆ ರೂಪಾಯಿ. ನೋಡೋಕೆ ಹಳೆಯದರ ಅವಳಿ, ಅದಕ್ಕಿಂತ ಹೊಳಪು ಜಾಸ್ತಿ.

ಆವತ್ತು ಮಧ್ಯಾಹ್ನ ಗಾಡಿ ಟಾಟಾ ಏಸ್ ಹತ್ತಿ ರಾಯಚೂರಿನ ತೀನ್ ಕಂದೀಲ್ ಹತ್ತಿರ ಒಬ್ಬ ಹಳೇ ಮೆಕ್ಯಾನಿಕ್ ಅಂಗಡಿ ಮುಂದೆ ಇಳೀತು. ನಾವೆಲ್ಲ ಅವರನ್ನ ಚಾಚಾ ಅಂತೀವಿ. ಅಪ್ಪನ ಗಾಡಿಯನ್ನ ಅವರು ನೋಡಿದ ಕೂಡಲೇ ಗುರುತು ಹಿಡಿದರು, ನನ್ನನ್ನ ಹಿಡಿಯಲಿಲ್ಲ. ಹಳೇ ಉರ್ದು ಪೇಪರ್ ಹಾಸಿ ಎರಡೂ ಕಾರ್ಬೊರೇಟರ್ ಅಕ್ಕಪಕ್ಕ ಇಟ್ಟು, "ಇದ್ರಾಗ ಒರಿಜಿನಲ್ ಯಾವ್ದು, ಹೇಳು ನೋಡೋಣ ತಮ್ಮಾ" ಅಂದರು. ನಾನು ಹಳೆಯದರ ಕಡೆ ಕೈ ತೋರಿಸಿದೆ. ಚಾಚಾ ನಕ್ಕರು. "ಅದೂ ಯಾರ್ದೋ ನೋಡಿ ಮಾಡಿದ್ದೇ ಅಲ್ಲೇನು?"

ಆ ಮಾತನ್ನ ಬೆಂಗಳೂರಿಗೆ ವಾಪಸ್ ಬಂದ ಮೇಲೂ ತಲೆಯಿಂದ ತೆಗೆಯೋಕೆ ಆಗಲಿಲ್ಲ. ಹಾಗಾಗಿ ಸ್ವಲ್ಪ ಹಿಂದಕ್ಕೆ ಹೋಗಿ ಹುಡುಕಿದೆ.

ಮೊದಲು, ಕಾರ್ಬೊರೇಟರ್ ಅಂದರೆ ಏನು? ಎಲೆಕ್ಟ್ರಿಕ್ ಸ್ಕೂಟರ್ ಓಡಿಸೋ ತಲೆಮಾರಿಗೆ ಇದನ್ನ ಹೇಳಲೇಬೇಕು. ಪೆಟ್ರೋಲ್ ದ್ರವವಾಗಿ ಇದ್ದಾಗ ಎಂಜಿನ್ನಿಗೆ ಬೇಕಾದ ಹಾಗೆ ಉರಿಯಲ್ಲ. ಅದು ಗಾಳಿಯಲ್ಲಿ ಮಂಜಿನ ಹಾಗೆ ಬೆರೀಬೇಕು. ಹೆಚ್ಚುಕಡಿಮೆ ಒಂದು ಗ್ರಾಂ ಪೆಟ್ರೋಲಿಗೆ 14.7 ಗ್ರಾಂ ಗಾಳಿ. ಕಾರ್ಬೊರೇಟರ್ ಒಂದು ಲೋಹದ ಕೊಳವೆ, ನಡುವೆ ಕಿರಿದಾಗಿರುತ್ತೆ. ಕಿರಿದಾದ ಜಾಗದಲ್ಲಿ ಗಾಳಿ ಜೋರಾಗಿ ಓಡುತ್ತೆ, ಜೋರಾಗಿ ಓಡೋ ಕಡೆ ಒತ್ತಡ ಕಮ್ಮಿ ಆಗುತ್ತೆ, ಆ ಸೆಳೆತಕ್ಕೆ ಕೆಳಗಿನ ಬಟ್ಟಲಿನಿಂದ ಪೆಟ್ರೋಲ್ ಒಂದು ಸಣ್ಣ ತೂತಿನ ಮೂಲಕ ಮೇಲೇರಿ ಚಿಮ್ಮುತ್ತೆ. ಇಟಲಿಯ ವೆಂಚುರಿ ಅನ್ನೋ ವಿಜ್ಞಾನಿ 1797ರಲ್ಲಿ ಪ್ರಕಟಿಸಿದ ಸಂಗತಿ ಇದು. ಆ ಸಣ್ಣ ತೂತಿನ ಹಿತ್ತಾಳೆ ತುಣುಕಿಗೆ ಜೆಟ್ ಅಂತ ಹೆಸರು. ಬಟ್ಟಲಿನಲ್ಲಿ ಪೆಟ್ರೋಲ್ ಮಟ್ಟ ಕಾಯೋಕೆ ತೇಲೋ ಫ್ಲೋಟ್, ಅದಕ್ಕೊಂದು ಸೂಜಿ. ನಮ್ಮ ಮನೆ ಮೇಲಿನ ಟ್ಯಾಂಕಿನ ಬಾಲ್ ವಾಲ್ವ್ ಇದ್ದ ಹಾಗೆ. ನೀವು ಎಕ್ಸಲರೇಟರ್ ತಿರುವಿದರೆ ಕೇಬಲ್ ಒಂದು ಸ್ಲೈಡನ್ನ ಮೇಲಕ್ಕೆ ಎಳೆಯುತ್ತೆ, ಗಾಳಿಯ ದಾರಿ ತೆರೆಯುತ್ತೆ. ಅಷ್ಟೇ. ಬ್ಯಾಟರಿ ಇಲ್ಲ, ಸೆನ್ಸರ್ ಇಲ್ಲ.

ಇದನ್ನ ಮೊದಲು ಕಂಡುಹಿಡಿದವರು ಯಾರು ಅಂತ ಹುಡುಕಿದರೆ ಅಲ್ಲೇ ಜಗಳ. ಪೆಟ್ರೋಲನ್ನ ಜೆಟ್‌ನಿಂದ ಚಿಮ್ಮಿಸೋ ಕಾರ್ಬೊರೇಟರಿಗೆ ಬುಡಾಪೆಸ್ಟಿನ ಡೊನಾಟ್ ಬಾಂಕಿ ಮತ್ತು ಯಾನೋಶ್ ಚೋಂಕಾ 1893ರ ಫೆಬ್ರವರಿಯಲ್ಲಿ ಪೇಟೆಂಟ್ ಅರ್ಜಿ ಹಾಕಿದರು. ಡೈಮ್ಲರ್ ಜೊತೆಗಿದ್ದ ಜರ್ಮನಿಯ ವಿಲ್‌ಹೆಲ್ಮ್ ಮೈಬಾಖ್ ಅದೇ ವರ್ಷ ಆಗಸ್ಟಿನಲ್ಲಿ. ಹೆಸರು ಹೆಚ್ಚು ಬಂದಿದ್ದು ಎರಡನೆಯವರಿಗೆ. ಹಂಗೇರಿಯವರಿಗೆ ಇವತ್ತಿಗೂ ಆ ಸಿಟ್ಟು ಹೋಗಿಲ್ಲ. ಹೂ ಮಾರೋ ಹುಡುಗಿ ಹೂವಿನ ಮೇಲೆ ನೀರು ಚಿಮುಕಿಸೋದನ್ನ ನೋಡಿ ಐಡಿಯಾ ಹೊಳೀತು ಅಂತ ಅಲ್ಲೊಂದು ಕಥೆ ಇದೆ. ನಂಬೋದು ಬಿಡೋದು ನಿಮಗೆ ಬಿಟ್ಟಿದ್ದು.

ಈಗ ನಮ್ಮ ದೇಶಕ್ಕೆ ಬರೋಣ. ನಮ್ಮಲ್ಲಿ ಮೊಪೆಡ್ ಕಥೆ ಶುರುವಾಗಿದ್ದೇ ಲೈಸೆನ್ಸ್ ಪಡೆದ ನಕಲಿನಿಂದ. ತಿರುಪತಿಯ ಮೊಪೆಡ್ಸ್ ಇಂಡಿಯಾ ಕಂಪನಿ ಫ್ರಾನ್ಸಿನ ಮೋಟೊಬೆಕಾನ್ ಸಹಯೋಗದಲ್ಲಿ ಸುವೇಗಾ ಮಾಡ್ತು. ಪುಣೆಯ ಕೈನೆಟಿಕ್ ಎಂಜಿನಿಯರಿಂಗ್ 1972ರಲ್ಲಿ ಲೂನಾ ತಂತು. ಅದು ಇಟಲಿಯ ಪಿಯಾಜಿಯೊ 1967ರಲ್ಲಿ ಬಿಟ್ಟಿದ್ದ ಚಾವ್ ಅನ್ನೋ ಮೊಪೆಡ್‌ನ ಲೈಸೆನ್ಸ್ ರೂಪ. ಪಿಯೂಷ್ ಪಾಂಡೆ ಬರೆದ 'ಚಲ್ ಮೇರಿ ಲೂನಾ' ಜಾಹೀರಾತು ಬಂದ ಮೇಲೆ ಲೂನಾ ಇಟಲಿಯದು ಅಂದರೆ ಯಾರೂ ನಂಬೋ ಸ್ಥಿತಿಯಲ್ಲಿ ಇರಲಿಲ್ಲ. 1980ರಲ್ಲಿ ಹೊಸೂರಿನಿಂದ ಟಿವಿಎಸ್ 50 ಬಂತು. ಬೆಂಗಳೂರಿನವರಿಗೆ ಗೊತ್ತಿರೋ ಅದೇ ಹೊಸೂರು, ಅತ್ತಿಬೆಲೆ ದಾಟಿದರೆ ಸಿಗೋದು. ಇಬ್ಬರು ಕೂರಬಹುದಾದ ದೇಶದ ಮೊದಲ ಮೊಪೆಡ್ ಅದು. ಆ 'ಇಬ್ಬರು' ಅನ್ನೋ ಲೆಕ್ಕ ಕಂಪನಿ ಕಾಗದದಲ್ಲಿ ಮಾತ್ರ ಇತ್ತು. ನಮ್ಮ ಕಡೆ ಇಬ್ಬರ ಜೊತೆ ಒಂದು ಗೊಬ್ಬರದ ಚೀಲ, ಎರಡು ಹಾಲಿನ ಕ್ಯಾನ್, ಇಲ್ಲವೇ ಕಾಲು ಕಟ್ಟಿದ ಒಂದು ಆಡು ಕೂಡ ಹೋಗ್ತಿತ್ತು.

ರಾಯಚೂರು ಜಿಲ್ಲೆಗೆ ಈ ಗಾಡಿ ಯಾಕೆ ಅಷ್ಟು ಒಗ್ಗಿತು ಅನ್ನೋದು ಭೂಪಟ ನೋಡಿದರೆ ತಿಳಿಯುತ್ತೆ. ಉತ್ತರಕ್ಕೆ ಕೃಷ್ಣಾ, ದಕ್ಷಿಣಕ್ಕೆ ತುಂಗಭದ್ರಾ, ನಡುವೆ ದೋಆಬ್. ರಾಜರು ಇದಕ್ಕಾಗಿ ಕಾದಾಡಿದರು, 1520ರಲ್ಲಿ ಕೃಷ್ಣದೇವರಾಯ ರಾಯಚೂರು ಕೋಟೆ ಗೆದ್ದ, ಅದೆಲ್ಲ ಪಠ್ಯಪುಸ್ತಕದಲ್ಲಿದೆ. ಪುಸ್ತಕದಲ್ಲಿ ಇಲ್ಲದ್ದು ಅಂದರೆ ಹಳ್ಳಿಯಿಂದ ಹಳ್ಳಿಗೆ ಇರೋ ದೂರ, ಮತ್ತು ದಿನಕ್ಕೆ ಎರಡೇ ಸಲ ಬರೋ ಬಸ್ಸು. 1948ರವರೆಗೆ ನಿಜಾಮರ ಆಡಳಿತ, 1956ರಲ್ಲಿ ಮೈಸೂರು ರಾಜ್ಯ. ಎರಡರಲ್ಲೂ ರಸ್ತೆ ಕೊನೆಗೆ ಬಂದ ಊರುಗಳು ಇವು. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಮುಗಿದು ಎಡದಂಡೆ ಕಾಲುವೆ ನೀರು ಮಾನ್ವಿ, ಸಿಂಧನೂರು ಕಡೆ ಹರಿದ ಮೇಲೆ ಅಲ್ಲಿ ಭತ್ತ ಬಂತು, ಅಕ್ಕಿ ಗಿರಣಿ ಬಂತು, ಕೈಯಲ್ಲಿ ಸ್ವಲ್ಪ ದುಡ್ಡು ಓಡಾಡ್ತು. ದೇವದುರ್ಗದ ಕಡೆ ನೀರು ಬಂದಿದ್ದು ತಡವಾಗಿ, ನಾರಾಯಣಪುರ ಬಲದಂಡೆ ಕಾಲುವೆಯಿಂದ. ಮಾನ್ವಿಯ ರೈತ ಮೊಪೆಡ್ ಕೊಂಡಿದ್ದು ಭತ್ತದ ದುಡ್ಡಿನಲ್ಲಿ. ದೇವದುರ್ಗದಲ್ಲಿ ಕೊಂಡವರು ಹೆಚ್ಚಾಗಿ ನಮ್ಮಪ್ಪನ ಥರ ತಿಂಗಳ ಸಂಬಳದವರು: ಮಾಸ್ತರು, ಪೋಸ್ಟ್‌ಮನ್, ಗ್ರಾಮಲೆಕ್ಕಿಗ, ದನದ ಆಸ್ಪತ್ರೆ ಕಂಪೌಂಡರ್.

ಅಪ್ಪ ಗಾಡಿ ತಗೊಂಡಿದ್ದು 1984ರಲ್ಲಿ, ಮಾನ್ವಿಯ ಒಬ್ಬರಿಂದ ಸೆಕೆಂಡ್ ಹ್ಯಾಂಡ್. ದೇವದುರ್ಗದಲ್ಲಿ ಬಾಡಿಗೆ ಮನೆ, ಕೃಷ್ಣಾ ದಂಡೆ ಕಡೆಯ ಹಳ್ಳಿಯೊಂದರಲ್ಲಿ ಶಾಲೆ. ಸೈಕಲ್ ತುಳಿದು ಹೋದರೆ ಪಾಠ ಮಾಡೋಕೆ ಉಸಿರು ಉಳೀತಿರಲಿಲ್ಲ ಅಂತ ಈಗಲೂ ಹೇಳ್ತಾರೆ. ಈ ಗಾಡಿಗೆ ಪೆಡಲ್ ಇತ್ತು. ಪೆಟ್ರೋಲ್ ಮುಗಿದರೆ ತುಳಿದುಕೊಂಡು ಬರಬಹುದು ಅನ್ನೋ ಧೈರ್ಯ. (ತುಳಿದು ನೋಡಿದವರಿಗೆ ಮಾತ್ರ ಗೊತ್ತು, ಅದು ಧೈರ್ಯ ಹೇಳೋಕೆ ಇಟ್ಟ ಪೆಡಲ್, ತುಳಿಯೋಕೆ ಅಲ್ಲ.) 1988ರ ಮೋಟಾರು ವಾಹನ ಕಾಯ್ದೆ 50 ಸಿಸಿ ಒಳಗಿನ ಗಾಡಿಗೆ 16 ವರ್ಷಕ್ಕೇ ಲೈಸೆನ್ಸ್ ಕೊಡಬಹುದು ಅಂದಿದ್ದರಿಂದ, ನಮ್ಮ ಓಣಿಯ ಅಣ್ಣಂದಿರೆಲ್ಲ ಕಾಲೇಜಿಗೆ ಹೋಗಿದ್ದು ಇಂಥದ್ದರ ಮೇಲೆಯೇ.

ಸರಿ, ಕಾರ್ಬೊರೇಟರಿಗೆ ವಾಪಸ್. ಗಾಡಿಯೇ ಲೈಸೆನ್ಸ್ ನಕಲಾದರೆ ಅದರ ಕಾರ್ಬೊರೇಟರ್? ಅದೂ ಅದೇ ದಾರಿ ಹಿಡಿದು ಬಂದಿದ್ದು. ಇಟಲಿಯ ಚಾವ್‌ಗೆ ಡೆಲ್ಲಾರ್ಟೊ ಕಂಪನಿಯ ಪುಟ್ಟ ಕಾರ್ಬೊರೇಟರ್ ಇತ್ತು. ಆ ಡೆಲ್ಲಾರ್ಟೊ ಲೈಸೆನ್ಸಿನಲ್ಲಿ ಪುಣೆಯ ಸ್ಪಾಕೊ ಇಲ್ಲಿ ಕಾರ್ಬೊರೇಟರ್ ಮಾಡ್ತು, ನಮ್ಮ ಎಷ್ಟೋ ಸ್ಕೂಟರ್‌ಗಳು ಓಡಿದ್ದು ಅದರ ಮೇಲೆ. ಜಪಾನಿನ ಮಿಕುನಿ ಜೊತೆ ಸೇರಿ 1985ರಲ್ಲಿ ಮದ್ರಾಸಿನ ಕಡೆ ಯುಕಾಲ್ ಹುಟ್ಟಿತು. ನಮ್ಮ ರಾಜ್ಯದ್ದೇ ಉದಾಹರಣೆ ಬೇಕಾ? ಮೈಸೂರಿನ ಐಡಿಯಲ್ ಜಾವಾ 1961ರಿಂದ ಬೈಕ್ ಮಾಡ್ತು, 1996ರಲ್ಲಿ ಬಾಗಿಲು ಹಾಕ್ತು. ಜಾವಾದ ಮೂಲ ಕಾರ್ಬೊರೇಟರ್ ಜೆಕೊಸ್ಲೊವಾಕಿಯಾದ ಯಿಕೋವ್. ಇವತ್ತು ಬೆಂಗಳೂರಿನ ಜಾವಾ ಪ್ರಿಯರು ಹಳೇ ಯಿಕೋವ್ ಒಂದು ಸಿಕ್ಕರೆ ಅದನ್ನ ಬಟ್ಟೆಯಲ್ಲಿ ಸುತ್ತಿ ಇಡ್ತಾರೆ. ಅವರಿಗೆ ಒರಿಜಿನಲ್ ಅಂದರೆ ಗೌರವ, ಮತ್ತು ಮಾರೋವಾಗ ಹೆಚ್ಚು ಬೆಲೆ. ಮೊಪೆಡ್‌ಗೆ ಈ ಭಾಗ್ಯ ಬರಲಿಲ್ಲ. ಹಳೇ ಟಿವಿಎಸ್ 50 ಅನ್ನ ಯಾರೂ ಶೋಕೇಸಿನಲ್ಲಿ ಇಡಲ್ಲ, ಓಡಿಸ್ತಾರೆ. ಹಾಗಾಗಿ ಅದರ ಬಿಡಿಭಾಗದ ಚರಿತ್ರೆಯನ್ನ ಸಂಗ್ರಹಕಾರರು ಬರೆಯಲಿಲ್ಲ, ಮೆಕ್ಯಾನಿಕ್‌ಗಳು ನೆನಪಿಟ್ಟುಕೊಂಡಿದ್ದಾರೆ.

ಚಾಚಾ ಹೇಳೋ ಪ್ರಕಾರ ಮಾಲು ಮೂರು ಥರ. ಗಾಡಿ ಕಂಪನಿಯೇ ಕೊಡೋದು ಕಂಪನಿ ಮಾಲು. ಬೇರೆಯವರು ತಮ್ಮದೇ ಹೆಸರು ಹಾಕಿ ಅದೇ ಅಳತೆಗೆ ಮಾಡೋದು ಲೋಕಲ್. ಕಂಪನಿ ಹೆಸರನ್ನೇ ಹಾಕಿ, ಅದೇ ಡಬ್ಬಿ, ಅದೇ ಬಣ್ಣದಲ್ಲಿ ಬೇರೆಯವರು ಮಾಡೋದು ಡೂಪ್ಲಿಕೇಟ್. ನಮ್ಮಂಥವರು ಕೊನೆಯ ಎರಡನ್ನೂ ಒಂದೇ ಚೀಲಕ್ಕೆ ಹಾಕಿ ಬೈತೀವಿ. ಅದು ಸರಿ ಅಲ್ಲ. ಪೇಟೆಂಟಿನ ಆಯಸ್ಸು 20 ವರ್ಷ. 1980ರ ವಿನ್ಯಾಸ ಯಾವತ್ತೋ ಎಲ್ಲರ ಸ್ವತ್ತಾಗಿದೆ. ತನ್ನ ಹೆಸರು ಹಾಕಿ ಅದನ್ನ ಮಾಡಿ ಮಾರೋದರಲ್ಲಿ ಕಳ್ಳತನ ಏನಿಲ್ಲ. ಇನ್ನೊಬ್ಬರ ಹೆಸರು ಒತ್ತೋದು ಮಾತ್ರ ಅಪರಾಧ. 1999ರ ಟ್ರೇಡ್ ಮಾರ್ಕ್ಸ್ ಕಾಯ್ದೆಯಲ್ಲಿ ಅದಕ್ಕೆ ಆರು ತಿಂಗಳಿಂದ ಮೂರು ವರ್ಷದವರೆಗೆ ಜೈಲು ಇದೆ.

ಲೋಕಲ್ ಮಾಲಿನ ಬಗ್ಗೆ ನಾನು ಇನ್ನೂ ಒಂದು ಮಾತು ಹೇಳಲೇಬೇಕು. ಕಂಪನಿ ಒಂದು ಮಾಡೆಲ್ ನಿಲ್ಲಿಸುತ್ತೆ, ಹೊಸದು ಬರುತ್ತೆ. ಮೊಪೆಡ್‌ನಲ್ಲೇ ನೋಡಿ: 50 ಹೋಯ್ತು, ಎಕ್ಸ್‌ಎಲ್ ಬಂತು, 2015ರಲ್ಲಿ ಫೋರ್ ಸ್ಟ್ರೋಕ್ ಎಕ್ಸ್‌ಎಲ್ 100 ಬಂತು, 2020ರಲ್ಲಿ ಬಿಎಸ್-6 ನಿಯಮಕ್ಕೆ ಅದಕ್ಕೂ ಫ್ಯುಯೆಲ್ ಇಂಜೆಕ್ಷನ್ ಬಂದು ಕಾರ್ಬೊರೇಟರೇ ಹೋಯ್ತು. 2024ರಲ್ಲಿ ಲೂನಾ ವಾಪಸ್ ಬಂದಾಗ ಅದರ ಹೊಟ್ಟೆಯಲ್ಲಿದ್ದದ್ದು ಬ್ಯಾಟರಿ. ಆದರೆ ದೇವದುರ್ಗ ಸಂತೆಗೆ ಮೆಣಸಿನಕಾಯಿ ಚೀಲ ಹಾಕ್ಕೊಂಡು ಬರೋನ ಹಳೇ ಗಾಡಿ ಕಂಪನಿ ಕ್ಯಾಲೆಂಡರ್ ನೋಡಿ ನಿಲ್ಲಲ್ಲ. ಅವನಿಗೆ ಬಿಡಿಭಾಗ ಬೇಕು, ಇನ್ನೂರು ಮುನ್ನೂರಕ್ಕೆ ಬೇಕು, ಇವತ್ತೇ ಬೇಕು. ದಿಲ್ಲಿಯ ಕರೋಲ್ ಬಾಗ್, ಕಾಶ್ಮೀರಿ ಗೇಟ್ ಮಾರುಕಟ್ಟೆಗಳಿಂದ ಹೊರಟ ಮಾಲು ಹೈದರಾಬಾದ್ ಮೂಲಕ ರಾಯಚೂರಿಗೆ ಇಳೀತು, ಇಲ್ಲಿಂದ ಬಸ್ಸಿನ ಟಾಪ್ ಹತ್ತಿ ಮಾನ್ವಿ, ದೇವದುರ್ಗ, ಸಿರವಾರ. ಹಾಗೆ ಬರದೇ ಇದ್ದಿದ್ದರೆ ನಮ್ಮ ಜಿಲ್ಲೆಯ ಅರ್ಧ ಮೊಪೆಡ್‌ಗಳು ಗುಜರಿಗೆ ಹೋಗಿ ಎಷ್ಟೋ ಕಾಲ ಆಗಿರ್ತಿತ್ತು.

ಹಾಗಾದರೆ ನನ್ನ ಗಾಡಿ ಯಾಕೆ ನಿಂತಿತು?

ಚಾಚಾ ಮೊದಲು ಬಿಚ್ಚಿದ್ದು ಕಾರ್ಬೊರೇಟರ್ ಅಲ್ಲ, ಸ್ಪಾರ್ಕ್ ಪ್ಲಗ್. ಅದನ್ನ ಬೆಳಕಿಗೆ ಹಿಡಿದು ನನಗೆ ತೋರಿಸಿದರು. ಸುಣ್ಣ ಹಚ್ಚಿದ ಹಾಗೆ ಬೆಳ್ಳಗಿತ್ತು. "ಕಾಫಿ ಬಣ್ಣ ಇದ್ರ ಛಲೋ. ಕರ್ರಗಿದ್ರ ಪೆಟ್ರೋಲ್ ಜಾಸ್ತಿ. ಬೆಳ್ಳಗಿದ್ರ ಹೊಟ್ಟಿಗಿಲ್ದ ದುಡಿದದ." ಪೆಟ್ರೋಲ್ ಕಮ್ಮಿ, ಗಾಳಿ ಹೆಚ್ಚು. ಇಂಗ್ಲಿಷಿನಲ್ಲಿ ಲೀನ್ ಅಂತಾರಲ್ಲ, ಅದು. ಹಾಗಿದ್ದಾಗ ಎಂಜಿನ್ ಮೊದಮೊದಲು ಹುರುಪಿನಿಂದ ಓಡುತ್ತೆ. ಅಪ್ಪ ಕೈ ಎತ್ತಿದ್ದು ಆ ಹುರುಪಿಗೆ.

ಟೂ ಸ್ಟ್ರೋಕ್ ಮೊಪೆಡ್‌ಗೆ ಇದರಿಂದ ಇನ್ನೊಂದು ಕೇಡಿದೆ. ಈ ಎಂಜಿನ್ನಿಗೆ ಬೇರೆ ಆಯಿಲ್ ಇಲ್ಲ. ಬಂಕಿನಲ್ಲಿ ಪೆಟ್ರೋಲ್ ಜೊತೆ ಟೂ ಟಿ ಆಯಿಲ್ ಹಾಕಿಸ್ತಿದ್ದದ್ದು ನೆನಪಿದೆಯಾ? ಆ ಆಯಿಲ್ ಪೆಟ್ರೋಲ್ ಜೊತೆ ಬೆರೆತು ಅದೇ ಜೆಟ್ ಮೂಲಕ ಒಳಗೆ ಹೋಗಿ ಪಿಸ್ಟನ್ನಿಗೆ ಜಾರಿಕೆ ಕೊಡಬೇಕು. ಜೆಟ್ ಪೆಟ್ರೋಲ್ ಕಮ್ಮಿ ಬಿಟ್ಟರೆ ಆಯಿಲ್ಲೂ ಕಮ್ಮಿ. ಬಿಸಿ ಜಾಸ್ತಿ, ಎಣ್ಣೆ ಕಮ್ಮಿ, ಮೇಲೆ ರಾಯಚೂರಿನ ಮೇ ತಿಂಗಳು. ಪಿಸ್ಟನ್ ಹಿಗ್ಗಿ ಸಿಲಿಂಡರ್ ಗೋಡೆಗೆ ಕಚ್ಚಿಕೊಂಡಿತು. ಮೆಕ್ಯಾನಿಕ್ ಭಾಷೆಯಲ್ಲಿ ಸೀಜ್.

ಎಷ್ಟು ಕಮ್ಮಿ ಆದರೆ ಸೀಜ್ ಆಗುತ್ತೆ? ಇಲ್ಲಿ ಲೆಕ್ಕ ನೋಡಿ. ಡೆಲ್ಲಾರ್ಟೊ ಥರದ ಜೆಟ್ ಮೇಲೆ 50 ಅಂತ ಇದ್ದರೆ ತೂತಿನ ವ್ಯಾಸ 0.50 ಮಿಲಿಮೀಟರ್. ಅದು 0.45 ಆಯಿತು ಅಂದುಕೊಳ್ಳಿ. ವ್ಯತ್ಯಾಸ 0.05 ಮಿ.ಮೀ., ತಲೆಕೂದಲಿಗಿಂತ ಸಣ್ಣದು. ಆದರೆ ಪೆಟ್ರೋಲ್ ಹರಿಯೋದು ತೂತಿನ ವಿಸ್ತೀರ್ಣದ ಲೆಕ್ಕದಲ್ಲಿ. 45ರ ವರ್ಗವನ್ನ 50ರ ವರ್ಗದಿಂದ ಭಾಗಿಸಿದರೆ 0.81. ಅಂದರೆ ಕೂದಲೆಳೆಯ ತಪ್ಪಿಗೆ ಶೇ 19ರಷ್ಟು ಪೆಟ್ರೋಲ್ ಕಡಿಮೆ, ಆಯಿಲ್ ಕೂಡ ಅಷ್ಟೇ ಕಡಿಮೆ. ಕಾರ್ಬೊರೇಟರಿನ ಮೈ ನಕಲು ಮಾಡೋದು ಸುಲಭ, ಹಳೆಯದನ್ನ ಇಟ್ಟುಕೊಂಡು ಅಚ್ಚು ತೆಗೆದರೆ ಆಯ್ತು. ಕಷ್ಟ ಇರೋದು ಈ ತೂತಿನಲ್ಲಿ. ಒಂದು ಜೆಟ್ ಸರಿಯಾಗಿ ಕೊರೆಯೋದು ದೊಡ್ಡದಲ್ಲ. ಸಾವಿರ ಜೆಟ್ ಕೊರೆದು, ಸಾವಿರವನ್ನೂ ಅಳೆದು, ತಪ್ಪಿದ್ದನ್ನ ಎತ್ತಿ ಬಿಸಾಡೋದಕ್ಕೆ ದುಡ್ಡು ಬೇಕು. ಕಂಪನಿ ಮಾಲಿಗೆ ನಾವು ಕೊಡೋ ಹೆಚ್ಚಿನ ಬೆಲೆ ಹೆಚ್ಚುಕಡಿಮೆ ಆ ಬಿಸಾಡಿದ ಜೆಟ್‌ಗಳಿಗೆ.

ಪೇಪರ್ ಮೇಲಿನ ಎರಡನ್ನೂ ಚಾಚಾ ಬಿಚ್ಚಿ ತೋರಿಸ್ತಾ ಹೋದರು. ಹೊಸದರ ಫ್ಲೇಂಜನ್ನ, ಅಂದರೆ ಎಂಜಿನ್ನಿಗೆ ಕೂಡೋ ಮುಖವನ್ನ, ಗಾಜಿನ ತುಂಡಿನ ಮೇಲೆ ಇಟ್ಟರು. ಒಂದು ಮೂಲೆ ಅಲುಗಾಡ್ತು. ಅಲ್ಲಿಂದ ಗಾಳಿ ಕದ್ದು ಒಳಗೆ ಹೋಗುತ್ತೆ, ಮಿಶ್ರಣ ಇನ್ನೂ ತೆಳುವಾಗುತ್ತೆ. ಒಳದಾರಿಯಲ್ಲಿ ಅಚ್ಚಿನ ಲೋಹದ ಚೂರು ಒಂದು ಹಾಗೇ ಉಳಿದಿತ್ತು. ಸ್ಲೈಡ್ ಕೊಳವೆಯೊಳಗೆ ಕಟಕಟ ಅಂತ ಅಲ್ಲಾಡ್ತಿತ್ತು. ಆದರೆ ನಾನು ಖುಷಿಯಿಂದ ತಲೆ ಆಡಿಸೋವಾಗಲೇ ಚಾಚಾ ಹಳೆಯದನ್ನ ಎತ್ತಿಕೊಂಡರು. ಅದರ ಸ್ಲೈಡ್ ಇನ್ನೂ ಜಾಸ್ತಿ ಅಲ್ಲಾಡ್ತು, ಮೂವತ್ತು ವರ್ಷ ಸವೆದಿದೆಯಲ್ಲ. ಫ್ಲೋಟ್ ಸೂಜಿಯ ತುದಿ ಗಟ್ಟಿಯಾಗಿ ಬಿರುಕು ಬಿಟ್ಟಿತ್ತು. ಅದರ ಜೆಟ್ಟಿಗೆ ಯಾರೋ ಯಾವಾಗಲೋ ಪಿನ್ ಹಾಕಿ ತಿವಿದು ತೂತು ದೊಡ್ಡದು ಮಾಡಿದ್ದರು. (ಕಟ್ಟಿಕೊಂಡ ಜೆಟ್ಟಿಗೆ ಉಕ್ಕಿನ ಪಿನ್ ಯಾವತ್ತೂ ಹಾಕಬೇಡಿ. ಬಾಯಿಂದ ಊದಿ, ಬಗ್ಗದಿದ್ದರೆ ವೈರಿನೊಳಗಿನ ಒಂದೆಳೆ ತಾಮ್ರ ಸಾಕು.) ಯಾರೋ ಅಂದೆನಲ್ಲ, ಅಪ್ಪ ಆ ಹೊತ್ತಿಗೆ ಟೀ ತರೋಕೆ ಅಂತ ಎದ್ದು ಹೋದರು.

ಅಷ್ಟರಲ್ಲಿ ನನಗೆ ಹೊಳೆದ ಇನ್ನೊಂದು ಸಂಗತಿ ಈ ಲೇಖನಕ್ಕೆ ನಿಜವಾದ ಕಾರಣ. ಹಳೇ ಜೆಟ್ ಹೊಸೂರಿನಿಂದ ಬಂದ ಹಾಗೇ ಅಪ್ಪಟವಾಗಿ ಇದ್ದಿದ್ದರೂ ಅದು ಇವತ್ತು ಸರಿ ಹೋಗ್ತಿರಲಿಲ್ಲ. ಯಾಕೆಂದರೆ ಪೆಟ್ರೋಲೇ ಬದಲಾಗಿದೆ. 2022ರ ಜೂನ್ ಹೊತ್ತಿಗೆ ದೇಶದ ಪೆಟ್ರೋಲಿನಲ್ಲಿ ಸರಾಸರಿ ಶೇ 10 ಎಥನಾಲ್ ಇತ್ತು. ಶೇ 20ರ ಪೆಟ್ರೋಲನ್ನ ಪ್ರಧಾನಿ ಬಿಡುಗಡೆ ಮಾಡಿದ್ದು 2023ರ ಫೆಬ್ರವರಿಯಲ್ಲಿ, ನಮ್ಮ ಬೆಂಗಳೂರಿನಲ್ಲೇ. ಈಗ ಬಂಕಿನಲ್ಲಿ ಸಿಗೋದು ಅದೇ. ಎಥನಾಲ್ ತನ್ನ ಅಣುವಿನಲ್ಲೇ ಆಮ್ಲಜನಕ ಹೊತ್ತುಕೊಂಡು ಬರುತ್ತೆ, ಅದಕ್ಕೆ ಉರಿಯೋಕೆ ಗಾಳಿ ಕಡಿಮೆ ಸಾಕು, ಒಂದಕ್ಕೆ ಒಂಬತ್ತು. ಬೆರಕೆ ಪೆಟ್ರೋಲಿಗೆ ಲೆಕ್ಕ ಹಾಕಿದರೆ 14.7 ಇದ್ದದ್ದು ಸುಮಾರು 13.5ಕ್ಕೆ ಇಳಿಯುತ್ತೆ. ಅಂದರೆ ಅಷ್ಟೇ ಗಾಳಿಗೆ ಈಗ ಶೇ 8-9ರಷ್ಟು ಹೆಚ್ಚು ಇಂಧನ ಬೇಕು. ಹೊಸ ಬೈಕಿನ ಕಂಪ್ಯೂಟರ್ ಇದನ್ನ ಸೆನ್ಸರ್ ನೋಡಿ ಸರಿ ಮಾಡಿಕೊಳ್ಳುತ್ತೆ. 1980ರ ದಶಕದಲ್ಲಿ ಕೊರೆದ ಹಿತ್ತಾಳೆಯ ತೂತಿಗೆ ಗೊತ್ತೇ ಆಗಲ್ಲ. ಜೊತೆಗೆ ಎಥನಾಲ್ ಗಾಳಿಯ ತೇವ ಹೀರಿಕೊಳ್ಳುತ್ತೆ, ವಾರಗಟ್ಟಲೆ ನಿಂತ ಗಾಡಿಯ ಬಟ್ಟಲಿನಲ್ಲಿ ನೀರು ತಳಕ್ಕೆ ಇಳಿಯುತ್ತೆ, ಸತುವಿನ ಮಿಶ್ರಲೋಹ ಬಿಳಿ ಪುಡಿ ಬಿಡುತ್ತೆ, ಹಳೇ ರಬ್ಬರ್ ಉಬ್ಬುತ್ತೆ ಇಲ್ಲವೇ ಸೀಳುತ್ತೆ.

ಒರಿಜಿನಲ್ ಅಂತ ನಾನು ಹುಡುಕ್ತಿದ್ದ ವಸ್ತು ಒಂದು ಕಾಲದ ಒರಿಜಿನಲ್ ಪೆಟ್ರೋಲಿಗೆ ಮಾಡಿದ್ದು. ಆ ಪೆಟ್ರೋಲ್ ಈಗ ಎಲ್ಲೂ ಮಾರೋಕಿಲ್ಲ.

"ಒಂದು ನಂಬರ್ ದೊಡ್ಡ ಜೆಟ್ ಬೇಕು, ಕಂಪನಿದು ಬೇಕು" ಅಂದರು ಚಾಚಾ. ಲೆಕ್ಕ ಹಾಕಿದರೆ ಸರಿಯೇ: ಶೇ 8-9 ಹೆಚ್ಚು ಇಂಧನಕ್ಕೆ 50 ಇದ್ದ ಕಡೆ ಹೆಚ್ಚುಕಡಿಮೆ 52 ಸಾಕು. ಅವರು ಲೆಕ್ಕ ಹಾಕಿರಲಿಲ್ಲ, ಎರಡು ವರ್ಷದಿಂದ ಬರ್ತಿರೋ ಬೆಳ್ಳನೆ ಪ್ಲಗ್‌ಗಳನ್ನ ನೋಡಿದ್ದರು ಅಷ್ಟೇ. ರಾಯಚೂರಿನಲ್ಲಿ ಸಿಗಲಿಲ್ಲ. ಮಾನ್ವಿಯಲ್ಲಿ ಒಂದು ಹಳೇ ಸ್ಪೇರ್ಸ್ ಅಂಗಡಿ ಇದೆ, ಹೋಗಿ ಕೇಳು ಅಂದರು.

ಮರುದಿನ ಅಪ್ಪನೂ ಬಂದರು, ಬಸ್ಸಿನಲ್ಲಿ. ಮಾನ್ವಿ ದಾಸರ ಊರು. ಜಗನ್ನಾಥದಾಸರು ಬಾಳಿದ್ದು ಇಲ್ಲೇ, ವಿಜಯದಾಸರ ಚೀಕಲಪರವಿ ಇದೇ ತಾಲ್ಲೂಕು. ದಾರಿಯಲ್ಲಿ ಅಪ್ಪ ತಾವಾಗಿಯೇ ಹೇಳಿದರು: ಕೀರ್ತನೆ ಕೊನೆಗೆ ಅಂಕಿತ ಇದ್ದ ಮಾತ್ರಕ್ಕೆ ಅದು ಆ ದಾಸರದ್ದೇ ಅಂತ ಹೇಳಂಗಿಲ್ಲ, ಬೇರೆಯವರು ಬರೆದು ದೊಡ್ಡವರ ಅಂಕಿತ ಸೇರಿಸಿದ್ದೂ ಉಂಟು, ಗೊತ್ತಿದ್ದವರು ಅಂಕಿತ ಬಿಟ್ಟು ಮೈ ನೋಡ್ತಾರೆ, ಮಾತಿನ ತೂಕ ನೋಡ್ತಾರೆ. ಕಾರ್ಬೊರೇಟರ್ ಬಗ್ಗೆ ಹೇಳಿದರೋ ಕೀರ್ತನೆ ಬಗ್ಗೆಯೋ, ನಾನು ಕೇಳೋಕೆ ಹೋಗಲಿಲ್ಲ.

ಅಂಗಡಿಯ ಸಾಹುಕಾರರು ನನ್ನ ಮುಖ ನೋಡದೇ ಅಪ್ಪನನ್ನ ಕೇಳಿದರು, "ಯಾವ ಸಾಲಿಂದ್ರಿ ಗಾಡಿ, ಮಾಸ್ತರ?" ಒಳಗಿನಿಂದ ಒಂದು ಹಳೇ ತಂಬಾಕಿನ ಡಬ್ಬಿ ಬಂತು. ಅದರಲ್ಲಿ ಕಡಲೆಕಾಳಿನ ಗಾತ್ರದ ಹಿತ್ತಾಳೆ ಜೆಟ್‌ಗಳು, ಎಣ್ಣೆ ಕಾಗದದಲ್ಲಿ ಸುತ್ತಿದ್ದವು. ಭೂತಗನ್ನಡಿ ಹಿಡಿದು ನಂಬರ್ ಓದಿ ಎರಡು ಆರಿಸಿ ಕೊಟ್ಟರು. ಎರಡಕ್ಕೂ ಸೇರಿ ಎಂಬತ್ತು ರೂಪಾಯಿ. ಫ್ಲೋಟ್ ಸೂಜಿ ಕೇಳಿದೆ. "ಹಳೇ ಸ್ಟಾಕಿಂದು ಒಯ್ಯಬ್ಯಾಡ್ರಿ, ರಬ್ಬರ್ ಸತ್ತಿರ್ತದ. ಲೋಕಲ್ ಹೊಸಾದೇ ಹಾಕಸ್ರಿ" ಅಂದರು. ತಮ್ಮ ಅಂಗಡಿಯ ಮಾಲನ್ನೇ ಬೇಡ ಅನ್ನೋ ವ್ಯಾಪಾರಿಯನ್ನ ನಾನು ನೋಡಿ ಎಷ್ಟು ವರ್ಷ ಆಯ್ತೋ.

ಸಿಲಿಂಡರ್ ಬೋರ್ ಮಾಡಿಸಿ, ಪಿಸ್ಟನ್ ಬದಲಾಯಿಸಿ, ಗಾಡಿ ಎದ್ದು ನಿಲ್ಲೋಕೆ ಐದು ದಿನ ಬೇಕಾಯ್ತು. ಕಾರ್ಬೊರೇಟರ್ ಕೊನೆಗೆ ಹೀಗಾಯ್ತು: ಮೈ ಅಪ್ಪನ ಹಳೆಯದು, ಫ್ಲೇಂಜ್ ಗಾಜಿನ ಮೇಲೆ ಎಮರಿ ಕಾಗದ ಹಾಸಿ ಉಜ್ಜಿದ್ದು. ಜೆಟ್ ಮಾನ್ವಿಯ ಡಬ್ಬಿಯದು. ಸ್ಲೈಡ್, ಫ್ಲೋಟ್, ಸೂಜಿ ಮತ್ತು ತಳದ ಬಟ್ಟಲು, ನಾನು ಬೈದು ಬಿಸಾಕಬೇಕು ಅಂದುಕೊಂಡಿದ್ದ ಆರುನೂರರ ನಕಲಿನವು. ನಕಲಿನ ಸ್ಲೈಡ್ ಹಳೇ ಮೈಯೊಳಗೆ ಅಚ್ಚುಕಟ್ಟಾಗಿ ಕೂತಿತು, ತನ್ನ ಸ್ವಂತ ಮೈಯಲ್ಲಿ ಕೂತಿರಲಿಲ್ಲ. ಇದು ಯಾಕೆ ಅಂತ ಚಾಚಾನನ್ನ ಕೇಳಿದೆ. "ಯಾರ್ದೋ ಹಳೇದ್ರ ಮ್ಯಾಲ ಅಳತಿ ತಗೊಂಡು ಮಾಡ್ಯಾರಲ್ಲ, ಅದಕ್ಕ" ಅಂದರು.

ಅಪ್ಪ ಸ್ಟ್ಯಾಂಡ್ ಹಾಕಿ ಪೆಡಲ್ ತುಳಿದರು. ಮೂರನೇ ಸುತ್ತಿಗೆ ಸ್ಟಾರ್ಟ್ ಆಯ್ತು. ತೀನ್ ಕಂದೀಲ್ ಕಡೆ ಒಂದು ಸುತ್ತು ಹೋಗಿ ಬಂದು, ಗಾಡಿ ಆರೋಕೆ ಬಿಟ್ಟು, ಪ್ಲಗ್ ಬಿಚ್ಚಿ ಚಾಚಾನ ಕೈಗೆ ಕೊಟ್ಟರು. ಇಬ್ಬರೂ ಅದನ್ನ ಬಿಸಿಲಿಗೆ ಹಿಡಿದು ನೋಡಿದರು. ನನಗೆ ತೋರಿಸಲಿಲ್ಲ.

ಉಳಿದ ಹೊಸ ಕಾರ್ಬೊರೇಟರ್ ಮೈಯನ್ನ ನಾನು ಕಸದ ಡಬ್ಬಿ ಕಡೆ ಎಸೆಯೋಕೆ ಹೋದೆ. ಚಾಚಾ ಕೈ ಹಿಡಿದು ತಗೊಂಡು, ಒಳಗಿದ್ದ ಲೋಹದ ಚೂರನ್ನ ಸಣ್ಣ ಅರದಿಂದ ಕೆರೆದು, ಗೋಡೆಯ ಮೊಳೆಗೆ ವೈರಿನಿಂದ ನೇತು ಹಾಕಿದರು. "ಇರ್ಲಿ, ಯಾರಿಗರ ಬೇಕಾಗ್ತದ."